ಕ್ಯಾಂಪಸ್‌ಗಳ ಹಸಿರು ಕೆಲಸ ಹೋಲಿಸಲು ಗ್ರೀನ್‌ಮೆಟ್ರಿಕ್ ರ‍್ಯಾಂಕ್ ನೋಡಿದರೆ ಸಾಕಾ?

ಸಾಲದು. ಯಾರು ಮುಂದಿದ್ದಾರೆ ಅಂತ ರ‍್ಯಾಂಕ್ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ಗ್ರೀನ್‌ಮೆಟ್ರಿಕ್ ಅಂದರೆ ವಿಶ್ವವಿದ್ಯಾಲಯಗಳ ಹಸಿರು ಕೆಲಸಕ್ಕೆ ಅಂಕ ಕೊಟ್ಟು ಸ್ಥಾನ ಹಾಕುವ ಪಟ್ಟಿ. ಇದನ್ನು 2010ರಲ್ಲಿ ಶುರು ಮಾಡಿದ್ದು ಇಂಡೋನೇಷ್ಯಾ ವಿಶ್ವವಿದ್ಯಾಲಯ. 2024ರ ಪಟ್ಟಿಯ ಒಟ್ಟು ಅಂಕದಲ್ಲಿ ನೀರಿಗೆ ಇದ್ದ ಪಾಲು ಶೇ 10 ಮಾತ್ರ. ಬೇಸಿಗೆ ಬಂದರೆ ಟ್ಯಾಂಕರ್ ತರಿಸುವ ಕ್ಯಾಂಪಸ್‌ಗೆ ಇದು ತೀರಾ ಕಡಿಮೆ ಅಲ್ವಾ? ಕಾಡು, ಖಾಲಿ ಜಾಗಕ್ಕೂ ಅಂಕ ಇದೆ. ಹಾಗಾಗಿ ಊರ ಮಧ್ಯದ ಇಕ್ಕಟ್ಟಿನ ಕಾಲೇಜು ಏನೂ ತಪ್ಪು ಮಾಡದೆಯೂ ಹಿಂದೆ ಬೀಳಬಹುದು.

ಇದೇ ಕೆಲಸವನ್ನು ಅಳೆಯುವ ಅಮೆರಿಕದ ಸ್ಟಾರ್ಸ್ ಪದ್ಧತಿ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಅಂತಿಲ್ಲ. ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಅನ್ನುವ ಮಟ್ಟಗಳಿವೆ. ಮೊದಲ ಪ್ಲಾಟಿನಂ 2015ರಲ್ಲಿ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸಿಕ್ಕಿತು. ಮಟ್ಟಕ್ಕಿಂತ ಮುಖ್ಯವಾದದ್ದು, ವಿಶ್ವವಿದ್ಯಾಲಯಗಳು ಅಲ್ಲಿಗೆ ಕೊಡುವ ವರದಿಗಳನ್ನು ಯಾರು ಬೇಕಾದರೂ ಓದಬಹುದು. ಬೇರೆಯವರು ಮಾಡಿದ ಒಳ್ಳೆ ಕೆಲಸವನ್ನು ಧಾರಾಳವಾಗಿ ಕದಿಯಿರಿ! ಎರಡು ಕಡೆಯೂ ಅಂಕಿಅಂಶ ಕೊಡುವುದು ಆಯಾ ವಿಶ್ವವಿದ್ಯಾಲಯವೇ ಅನ್ನುವುದು ಮಾತ್ರ ನೆನಪಿರಲಿ.

ನೀವೇ ಹೋಲಿಸುವುದಾದರೆ ಒಟ್ಟು ಬಿಲ್ ಇಟ್ಟುಕೊಂಡು ಕೂರಬೇಡಿ. ತಲೆಗೆ ಎಷ್ಟು ಲೀಟರ್ ನೀರು, ಚದರ ಮೀಟರಿಗೆ ಎಷ್ಟು ಯೂನಿಟ್ ಕರೆಂಟ್ ಅಂತ ನೋಡಿ. ಹಾಸ್ಟೆಲ್ ಇರುವ ಕ್ಯಾಂಪಸ್ಸನ್ನು ಸಂಜೆ ಬಾಗಿಲು ಹಾಕುವ ಕಾಲೇಜಿನ ಪಕ್ಕ ಇಡುವುದು ಅನ್ಯಾಯ. ದೊಡ್ಡ ಪ್ರಯೋಗಾಲಯಗಳ ಲೆಕ್ಕವನ್ನೂ ಬೇರೆ ಇಡಿ.

ಸುಧಾರಣೆ ಅಂದಕೂಡಲೇ ಗಿಡ ನೆಟ್ಟು ಫೋಟೋ ತೆಗೆಸುತ್ತಾರೆ. ನಾನಾದರೆ ಮೊದಲು ಪ್ರತಿ ಕಟ್ಟಡಕ್ಕೂ ನೀರಿನ ಮತ್ತು ಕರೆಂಟಿನ ಬೇರೆ ಮೀಟರ್ ಹಾಕಿಸುತ್ತೇನೆ. ರಾತ್ರಿ ಯಾರೂ ಇಲ್ಲದ ಹೊತ್ತಿನಲ್ಲೂ ನೀರಿನ ಮೀಟರ್ ಓಡುತ್ತಿದ್ದರೆ ಎಲ್ಲೋ ಪೈಪ್ ಸೋರುತ್ತಿರಬಹುದು. ಅಲ್ಲಿಂದಲೇ ಶುರು ಮಾಡಿ.