ಓದಿದ, ಬುದ್ಧಿವಂತ ಜನರೂ ಮೇಲ್ನೋಟಕ್ಕೇ ಸುಳ್ಳು ಅನ್ನಿಸುವ ವಂಚನೆಗೆ ಹೇಗೆ ಬೀಳುತ್ತಾರೆ?

ಮೋಸ ಹೋಗಲು ದಡ್ಡರಾಗಿರಬೇಕಿಲ್ಲ. ಆ ಗಳಿಗೆಯಲ್ಲಿ ಯೋಚಿಸಲು ಪುರುಸೊತ್ತು ಸಿಗದಿದ್ದರೆ ಸಾಕು.

ಮೂಡಿಗೆರೆ ಹತ್ತಿರ ತೋಟ ಇರುವ ನಮ್ಮ ದೊಡ್ಡಪ್ಪ ಕಾಫಿ ಮೂಟೆಯ ತೂಕ ಅರ್ಧ ಕೆಜಿ ಆಚೀಚೆಯಾದರೂ ಬಿಡುವವರಲ್ಲ. ಅವರನ್ನೇ ಪೊಲೀಸ್ ವೇಷದ ವಂಚಕನೊಬ್ಬ ವಿಡಿಯೊ ಕರೆಯಲ್ಲಿ ನಾಲ್ಕು ಗಂಟೆ ಕೋಣೆಯಲ್ಲಿ ಕೂರಿಸಿದ್ದ. 'ನಿಮ್ಮ ಆಧಾರ್ ಹೆಸರಲ್ಲಿ ಹೋದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಯಾರಿಗೂ ಹೇಳಬೇಡಿ.' ಬಾಗಿಲಿಗೆ ಚಿಲಕ, ಲೆಕ್ಕದ ಪುಸ್ತಕಕ್ಕೆ ಒರಗಿಸಿಟ್ಟ ಫೋನು. ದೊಡ್ಡಮ್ಮ ಊಟಕ್ಕೆ ಕರೆದರೆ 'ಆಮೇಲೆ ಬರ್ತೀನಿ' ಅಂದರಂತೆ. ಹಾಗೆ ಕರೆದಾಗ ಎದ್ದು ಬಂದಿದ್ದರೆ ಅಲ್ಲೇ ಮುಗಿಯುತ್ತಿತ್ತು.

ವಂಚಕ ಮೊದಲು ಕಿತ್ತುಕೊಳ್ಳುವುದು ದುಡ್ಡನ್ನಲ್ಲ, ಪಕ್ಕದಲ್ಲಿರುವವರನ್ನು. ಹೆದರಿಕೆ, ಅವಸರ, ಗುಟ್ಟು ಮೂರೂ ಸೇರಿದರೆ ಎಂಥವರಿಗೂ ಕೈಕಾಲು ಆಡುವುದಿಲ್ಲ. ಜೀವನವಿಡೀ ಕಾನೂನಿಗೆ ತಲೆಬಾಗಿ ನಡೆದವರು ಖಾಕಿ ಕಂಡ ಕೂಡಲೇ ಇನ್ನೂ ಬೇಗ ಬಗ್ಗುತ್ತಾರೆ.

ಲಾಭದ ಆಸೆ ತೋರಿಸುವ ವಂಚನೆಯಲ್ಲಿ ಬುದ್ಧಿಯೇ ಶತ್ರು. ಒಮ್ಮೆ ದುಡ್ಡು ಹಾಕಿದ ಮೇಲೆ, ಹಾಕಿದ್ದು ಸರಿ ಅನ್ನಲು ಜಾಣರಿಗೆ ಹತ್ತು ಕಾರಣ ಸಿಗುತ್ತವೆ. 1720ರಲ್ಲಿ ಬೆಲೆ ಗಗನಕ್ಕೇರಿ ಕುಸಿದುಬಿದ್ದ ಇಂಗ್ಲೆಂಡಿನ ಸೌತ್ ಸೀ ಕಂಪನಿಯ ಷೇರಿನಲ್ಲಿ ವಿಜ್ಞಾನಿ ಐಸಾಕ್ ನ್ಯೂಟನ್‌ ಕೂಡ ದೊಡ್ಡ ಮೊತ್ತ ಕಳೆದುಕೊಂಡಿದ್ದರು.

ಹೀಗೆ ವಿಡಿಯೊ ಕರೆಯಲ್ಲೇ ಬಂಧಿಸಿಡುವ 'ಡಿಜಿಟಲ್ ಅರೆಸ್ಟ್' ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿದ್ದರೆ ನಾಚಿಕೆಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತದೆ. ನಮ್ಮ ದೊಡ್ಡಪ್ಪ ಮನೆಯವರಿಗೆ ಬಾಯಿಬಿಟ್ಟಿದ್ದು ಮೂರು ದಿನದ ನಂತರ.