ಓದುಗರ ಪ್ರಶ್ನೆ: ನಮ್ಮ ಸಂಸಾರಕ್ಕೆ ಎಷ್ಟು ಜೀವ ವಿಮೆ ಬೇಕು?

ಪ್ರಶ್ನೆ: ನನಗೆ 36 ವರ್ಷ. ಗದಗದಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಹೆಂಡತಿಗೆ ಹೊಲಿಗೆಯಿಂದ ತಿಂಗಳಿಗೆ 6 ಸಾವಿರ ಬರುತ್ತದೆ. ಮಕ್ಕಳಿಗೆ 9 ಮತ್ತು 5 ವರ್ಷ. ಅವ್ವನೂ ನಮ್ಮ ಜೊತೆಗಿದ್ದಾಳೆ. ಸಾಲದ ಕಂತು ಬಿಟ್ಟು ಮನೆ ಖರ್ಚು ತಿಂಗಳಿಗೆ 38 ಸಾವಿರ. ಮನೆ ಸಾಲ 11 ಲಕ್ಷ, ಮಷೀನಿನ ಸಾಲ 6 ಲಕ್ಷ ಬಾಕಿ ಇದೆ. ಬ್ಯಾಂಕಿನಲ್ಲಿ 4 ಲಕ್ಷ ಠೇವಣಿ ಮತ್ತು 3 ಲಕ್ಷದ ಹಳೆಯ ಪಾಲಿಸಿ ಇವೆ. ಪರಿಚಯದ ಏಜೆಂಟರು, ವರ್ಷಕ್ಕೆ 1.2 ಲಕ್ಷ ಕಟ್ಟಿದರೆ 25 ಲಕ್ಷದ ವಿಮೆ, 20 ವರ್ಷಕ್ಕೆ ದುಡ್ಡು ವಾಪಸ್ ಅನ್ನುತ್ತಾರೆ. ಅಣ್ಣ, ಮುಳಗುಂದದ ಹತ್ತಿರ ನಮ್ಮ ಪಾಲಾಗದ ಹೊಲ ಇದೆಯಲ್ಲ, ವಿಮೆ ಯಾಕೆ ಅನ್ನುತ್ತಾನೆ. ಎಷ್ಟಕ್ಕೆ ಮಾಡಿಸಲಿ?

ಉತ್ತರ: ಏಜೆಂಟರ ಮಾತು, ಅಣ್ಣನ ಮಾತು ಎರಡನ್ನೂ ಸ್ವಲ್ಪ ಹೊತ್ತು ಬದಿಗಿಡಿ. ಸಂಸಾರಕ್ಕೆ ಎಷ್ಟು ಬೇಕು ಎಂದು ಸರಿಯಾಗಿ ಗೊತ್ತಿರುವುದು ನಿಮ್ಮ ಹೆಂಡತಿಗೆ, ಅಲ್ವಾ? ಅವರ ಜೊತೆ ಕೂತು ಲೆಕ್ಕ ಹಾಕಿ. "ನಾನಿಲ್ಲದಿದ್ದರೆ" ಎಂಬ ಮಾತೆತ್ತಿದರೆ ನಮ್ಮ ಕಡೆ "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸಿಬಿಡುತ್ತಾರೆ. ಆದರೆ ಆ ಮಾತಾಡದೆ ಈ ಲೆಕ್ಕ ಆಗುವುದೇ ಇಲ್ಲ.

38 ಸಾವಿರದಲ್ಲಿ ನಿಮ್ಮದೇ ಪೆಟ್ರೋಲು, ಮೊಬೈಲು, ಊಟ, ಚಹಾ ಎಂದು ಸುಮಾರು 8 ಸಾವಿರ ತೆಗೆಯಿರಿ. ಉಳಿದದ್ದು 30 ಸಾವಿರ, ವರ್ಷಕ್ಕೆ 3.6 ಲಕ್ಷ. ಚಿಕ್ಕ ಮಗು ಓದಿ ದುಡಿಯುವ ಹೊತ್ತಿಗೆ ಇನ್ನೂ 18 ವರ್ಷ ಬೇಕು. ಆಮೇಲೂ ನಿಮ್ಮ ಹೆಂಡತಿ ಮಕ್ಕಳ ಮುಂದೆ ಕೈಚಾಚುವಂತಾಗಬಾರದು, ಹಾಗಾಗಿ 25 ವರ್ಷ ಹಿಡಿಯೋಣ. 90 ಲಕ್ಷವಾಯಿತು. ಆ ದುಡ್ಡಿಗೆ ಬಡ್ಡಿ ಬರುತ್ತದಲ್ಲ ಎನ್ನಬಹುದು. ಬರುತ್ತದೆ, ಆದರೆ ಅಕ್ಕಿ ಬೇಳೆಯಿಂದ ಹಿಡಿದು ಔಷಧಿವರೆಗೆ ಎಲ್ಲದರ ಬೆಲೆಯೂ ಏರುತ್ತಲೇ ಇರುತ್ತದೆ, ಬಡ್ಡಿ ಬೆಲೆಯೇರಿಕೆಗೇ ಸರಿಹೋಯಿತು ಎಂದು ಬಿಟ್ಟುಬಿಡುವುದು ಒಳ್ಳೆಯದು. ಸಾಲ 17 ಲಕ್ಷ, ಇಬ್ಬರ ಕಾಲೇಜಿಗೆ 20 ಲಕ್ಷ ಸೇರಿಸಿದರೆ ಒಟ್ಟು 1 ಕೋಟಿ 27 ಲಕ್ಷ. ಇದರಲ್ಲಿ ಠೇವಣಿ ಮತ್ತು ಹಳೆಯ ಪಾಲಿಸಿಯ 7 ಲಕ್ಷ ಕಳೆಯಿರಿ, ಹೊಲಿಗೆಯ ದುಡಿಮೆ 25 ವರ್ಷಕ್ಕೆ 18 ಲಕ್ಷ ಕಳೆಯಿರಿ. 1 ಕೋಟಿ 2 ಲಕ್ಷ ಉಳಿಯಿತು. ನಿಮಗೆ ಬೇಕಿರುವುದು 1 ಕೋಟಿಯ ವಿಮೆ.

ಹೊಲವನ್ನು ಬೇಕಂತಲೇ ಹಿಡಿದಿಲ್ಲ. ಉತಾರದಲ್ಲಿ ಎಲ್ಲರ ಹೆಸರಿರುವ ಹೊಲವನ್ನು ನಿಮ್ಮ ಹೆಂಡತಿ ಒಬ್ಬರೇ ಹೋಗಿ ಮಾರಲು ಬರುತ್ತದೆಯೇ? ಅದೂ ಮಕ್ಕಳ ಫೀ ಕಟ್ಟುವ ವಾರಕ್ಕೆ ಸರಿಯಾಗಿ?

ಈಗ ಏಜೆಂಟರ 25 ಲಕ್ಷ ನೋಡಿ. ಅದರಲ್ಲಿ ಸಾಲ ತೀರಿಸಿದರೆ ಉಳಿಯುವುದು 8 ಲಕ್ಷ, ನಿಮ್ಮ ಲೆಕ್ಕದಲ್ಲೇ ಎರಡು ವರ್ಷದ ಸಂಸಾರ. ಇಷ್ಟಕ್ಕೆ ವರ್ಷಕ್ಕೆ 1.2 ಲಕ್ಷ ಕಟ್ಟಬೇಕು. ಅದರ ಬದಲು ನಿಮಗೆ 60 ತುಂಬುವವರೆಗಿನ ಟರ್ಮ್ ಪಾಲಿಸಿ, ಅಂದರೆ ಆ ಅವಧಿಯೊಳಗೆ ಸಾವಾದರೆ ಮಾತ್ರ ದುಡ್ಡು ಬರುವ ವಿಮೆ, ತಗೊಳ್ಳಿ. ತಂಬಾಕು ಚಟವಿಲ್ಲದಿದ್ದರೆ 1 ಕೋಟಿಗೆ ವರ್ಷಕ್ಕೆ 15-20 ಸಾವಿರದ ಆಸುಪಾಸು ಬೀಳುತ್ತದೆ, ಕಂಪನಿ ಮತ್ತು ನಿಮ್ಮ ಆರೋಗ್ಯ ನೋಡಿ ಹೆಚ್ಚುಕಡಿಮೆ. ಮೊದಲು ಇದರ ಮೇಲೆ 18% ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಬದುಕಿದ್ದರೆ ಇದರಲ್ಲಿ ಪೈಸೆಯೂ ವಾಪಸ್ ಬರುವುದಿಲ್ಲ, ನಿಜ. ನೀವು ಕೊಳ್ಳುತ್ತಿರುವುದು ಮನೆಯವರ ರಕ್ಷಣೆಯನ್ನು. ಉಳಿತಾಯವನ್ನು ಬೇರೆ ಮಾಡಿ.

ನಿಮಗೆ ತೊಡಕಾಗಬಹುದಾದ್ದು ಬೇರೆ ಇದೆ. ನಮ್ಮ ಸಣ್ಣ ವ್ಯಾಪಾರಸ್ಥರಲ್ಲಿ ಬಹಳಷ್ಟು ಜನ ತೆರಿಗೆ ರಿಟರ್ನ್ಸ್‌ನಲ್ಲಿ ಆದಾಯ ಕಡಿಮೆ ತೋರಿಸುತ್ತಾರೆ, ಕೆಲವರು ರಿಟರ್ನ್ಸ್ ಹಾಕುವುದೇ ಇಲ್ಲ. ಕಂಪನಿ ಎಷ್ಟು ವಿಮೆ ಕೊಡಬೇಕೆಂದು ನೋಡುವುದೇ ಆ ಕಾಗದದಲ್ಲಿ. 3 ಲಕ್ಷ ತೋರಿಸಿ 1 ಕೋಟಿ ಕೇಳಿದರೆ ಸಿಗುವುದು ಕಷ್ಟ. ಹಾಗಾದರೆ ಈಗ ಸಿಕ್ಕಷ್ಟು, 50 ಲಕ್ಷವಾದರೂ ಸರಿ, ಮಾಡಿಸಿಬಿಡಿ, ಎರಡು ವರ್ಷ ಸರಿಯಾಗಿ ರಿಟರ್ನ್ಸ್ ಹಾಕಿ ಉಳಿದದ್ದಕ್ಕೆ ಇನ್ನೊಂದು ಪಾಲಿಸಿ ಮಾಡಿಸಿ.

ಅರ್ಜಿಯಲ್ಲಿ ಸುಳ್ಳು ಬೇಡ. ಗುಟ್ಕಾ, ಬೀಡಿ, ಬಿಪಿ, ಶುಗರ್ ಏನಿದ್ದರೂ ಬರೆಯಿರಿ, ಕಂತು ಸ್ವಲ್ಪ ಜಾಸ್ತಿಯಾಗಲಿ. 1938ರ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ 3 ವರ್ಷ ತುಂಬಿದ ಪಾಲಿಸಿಗೆ ಕಂಪನಿ ತಕರಾರು ತೆಗೆಯುವಂತಿಲ್ಲ, ಆದರೆ ಅದರೊಳಗೆ ಏನಾದರೂ ಆದರೆ ಮುಚ್ಚಿಟ್ಟದ್ದನ್ನೆಲ್ಲ ಕೆದಕುತ್ತಾರೆ, ಆಗ ಉತ್ತರ ಕೊಡಬೇಕಾದವರು ನಿಮ್ಮ ಹೆಂಡತಿ.

ಪೇಪರಿನವರ ಉದ್ರಿ, ಯಾರಿಗೋ ಹಾಕಿದ ಜಾಮೀನು ಎಂದು ಪ್ರೆಸ್ಸಿನವರಿಗೆ ಒಂದಲ್ಲ ಒಂದು ಇದ್ದೇ ಇರುತ್ತದೆ. ಅದಕ್ಕೇ ಪಾಲಿಸಿಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿ. ಸಾಲ ಕೊಟ್ಟವರಿಗೆ ಮೋಸ ಮಾಡಲೆಂದೇ ಮಾಡಿಸಿದ್ದು ಎಂದು ತೋರಿಸದ ಹೊರತು ಆ ದುಡ್ಡಿಗೆ ಅವರು ಕೈ ಹಾಕಲು ಬರುವುದಿಲ್ಲ. ಇದನ್ನು ಅರ್ಜಿ ತುಂಬುವಾಗಲೇ ಹೇಳಬೇಕು, ಆಮೇಲೆ ಸೇರಿಸಲು ಆಗದು.

ಪ್ರಶ್ನೆ: ನಾವು ಬ್ಯಾಡಗಿಯವರು. ಯಜಮಾನರಿಗೆ 44 ವರ್ಷ, ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾರೆ. ದೊಡ್ಡ ಪಾಲಿಸಿ ನಮ್ಮಿಂದಾಗದು. ನಮ್ಮಂಥವರಿಗೆ ಏನಿದೆ?

ಉತ್ತರ: ಇದೆ ತಾಯಿ. ನಿಮ್ಮ ಬ್ಯಾಂಕಿಗೆ ಹೋಗಿ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಫಾರಂ ಕೇಳಿ. ವರ್ಷಕ್ಕೆ 436 ರೂಪಾಯಿ, ಸಾವು ಹೇಗೇ ಬಂದರೂ ಮನೆಯವರಿಗೆ 2 ಲಕ್ಷ. ಸೇರಲು 50 ವರ್ಷದೊಳಗಿರಬೇಕು, 55ರವರೆಗೆ ನಡೆಯುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಅನ್ವಯ. ಅದರ ಜೊತೆಗೆ ಸುರಕ್ಷಾ ವಿಮೆಯನ್ನೂ ಮಾಡಿಸಿ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ ಅಥವಾ ಪೂರ್ತಿ ಅಂಗವೈಕಲ್ಯವಾದರೆ 2 ಲಕ್ಷ. ಮೂಟೆ ಹೊರುವ, ಲಾರಿ ಹತ್ತಿಳಿಯುವ ಕೆಲಸದವರಿಗೆ ಇದು ಬೇಕೇ ಬೇಕು. ಎರಡನ್ನೂ ಇಬ್ಬರ ಹೆಸರಿನಲ್ಲೂ ಮಾಡಿಸಿ, ನಿಮ್ಮ ದುಡಿಮೆ ನಿಂತರೂ ಮನೆಗೆ ಕಷ್ಟವೇ ಅಲ್ವಾ. ದುಡ್ಡು ಖಾತೆಯಿಂದ ತಾನಾಗಿ ಕಟ್ ಆಗುವುದು ಮೇ ಕೊನೆಗೆ. ಅದು ಮೆಣಸಿನಕಾಯಿ ಸೀಸನ್ ಮುಗಿದು ಕೈಯಲ್ಲಿ ಕಾಸು ಕಡಿಮೆ ಇರುವ ಹೊತ್ತು. ಆದ್ದರಿಂದ ಸೀಸನ್ ಇರುವಾಗಲೇ ಇಬ್ಬರ ಖಾತೆಯಲ್ಲೂ 500 ರೂಪಾಯಿ ಹಾಕಿ ಮುಟ್ಟದೆ ಬಿಡಿ, ನಾಮಿನಿ ಹೆಸರು ಸರಿಯಿದೆಯೇ ಎಂದು ಕೌಂಟರಿನಲ್ಲೇ ಓದಿಸಿಕೊಂಡು ಬನ್ನಿ.