ಬೆಂಗಳೂರು ಎಲ್ಲಿಗೆ ಮುಗಿಯುತ್ತೆ?

ನೀವು ಕೇಳಿದ್ದು ಇಷ್ಟು: ಹುಬ್ಬಳ್ಳಿ ಕಡೆಯಿಂದ ಕೆಲಸಕ್ಕೆ ಬರುತ್ತಿದ್ದೀರಿ, ಆಫೀಸು ದೇವನಹಳ್ಳಿ ಹತ್ತಿರ, ದೊಡ್ಡಬಳ್ಳಾಪುರದಲ್ಲಿ ಬಾಡಿಗೆ ಕಮ್ಮಿ ಅಂತ ಯಾರೋ ಹೇಳಿದ್ದಾರೆ. "ಅದೂ ಬೆಂಗಳೂರೇ ತಾನೇ? ಅಲ್ಲದಿದ್ದರೆ ಬೆಂಗಳೂರು ಎಲ್ಲಿಗೆ ಮುಗಿಯುತ್ತೆ?"

ನಾನು ದೊಡ್ಡಬಳ್ಳಾಪುರದವನು. ಹುಟ್ಟಿದ್ದು ಮಗ್ಗದ ಮನೆಯಲ್ಲಿ, ಕೆಲಸ ಯಶವಂತಪುರದಲ್ಲಿ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಈ ಪ್ರಶ್ನೆಯನ್ನು ನಾನೂ ಕಿಟಕಿ ಪಕ್ಕ ಕೂತು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಮೊದಲು ಕಾಗದದ ಲೆಕ್ಕ ಮುಗಿಸಿಬಿಡುತ್ತೇನೆ. 1986ರವರೆಗೆ ಬೆಂಗಳೂರು ಅಂತ ಒಂದೇ ಜಿಲ್ಲೆ ಇತ್ತು. ಆ ವರ್ಷ ನಗರ, ಗ್ರಾಮಾಂತರ ಅಂತ ಎರಡು ಪಾಲಾಯಿತು. 2007ರಲ್ಲಿ ಗ್ರಾಮಾಂತರದಿಂದ ರಾಮನಗರ ಬೇರೆ ಮನೆ ಮಾಡಿತು. 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣ ಅಂತಾಯಿತು. ಗ್ರಾಮಾಂತರಕ್ಕೆ ಉಳಿದದ್ದು ನಾಲ್ಕು ತಾಲ್ಲೂಕು: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ಈ ಮೂರೂ ಜಿಲ್ಲೆ ಸೇರಿದರೆ ಬೆಂಗಳೂರು ಮಹಾನಗರ ಪ್ರದೇಶ, ಸುಮಾರು 8,000 ಚದರ ಕಿಲೋಮೀಟರು. ಅದನ್ನು ನೋಡಿಕೊಳ್ಳಲು ಬಿಎಂಆರ್‌ಡಿಎ ಅಂತ ಒಂದು ಪ್ರಾಧಿಕಾರ ಇದೆ, 1985ರ ಕಾಯ್ದೆಯದು. ಬಿಬಿಎಂಪಿ ಕೈಯಲ್ಲಿದ್ದದ್ದು ಇದರಲ್ಲಿ 700 ಚಿಲ್ಲರೆ ಚದರ ಕಿಲೋಮೀಟರು ಮಾತ್ರ. ಹತ್ತರಲ್ಲಿ ಒಂದು ಪಾಲೂ ಇಲ್ಲ. ಈಗ ಅದೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಅದರ ಕೆಳಗೆ ಐದು ಪಾಲಿಕೆ. ಜನ ಮಾತ್ರ ಉಲ್ಟಾ. 2011ರ ಜನಗಣತಿಯಲ್ಲಿ ನಗರ ಜಿಲ್ಲೆಯಲ್ಲಿ 96 ಲಕ್ಷ, ಉಳಿದೆರಡು ಜಿಲ್ಲೆ ಸೇರಿಸಿದರೂ ಸುಮಾರು 21 ಲಕ್ಷ.

ಒಂದು ತಮಾಷೆ ಹೇಳಬೇಕು. ನಮ್ಮ ಗ್ರಾಮಾಂತರ ಜಿಲ್ಲೆಯ ಡಿಸಿ ಕಚೇರಿ ಬಹಳ ವರ್ಷ ಬೆಂಗಳೂರಿನ ಒಳಗೇ ಇತ್ತು. ಒಂದು ಸಹಿಗೆ ನಾವು ನಮ್ಮ ಜಿಲ್ಲೆ ದಾಟಿ ಪಕ್ಕದ ಜಿಲ್ಲೆಗೆ ಹೋಗಬೇಕಿತ್ತು! ಈಗ ದೇವನಹಳ್ಳಿ ರಸ್ತೆಯ ಬೀರಸಂದ್ರದಲ್ಲಿದೆ.

ನಿಮಗೆ ಬೇಕಾದ ಉತ್ತರ ಇದರಲ್ಲಿ ಸಿಗಲ್ಲ. ನನ್ನ ಹತ್ತಿರ ಬೇರೆ ಪರೀಕ್ಷೆ ಇದೆ. ಮನೆಯಿಂದ ಹೊರಡುವಾಗ ಜನ ಏನಂತಾರೆ ಅಂತ ಕೇಳಿಸಿಕೊಳ್ಳಿ. ಜಯನಗರದವರು "ಮೆಜೆಸ್ಟಿಕ್‌ಗೆ ಹೋಗಿ ಬರ್ತೀನಿ" ಅಂತಾರೆ. ನಮ್ಮೂರಿನವರು "ಬೆಂಗಳೂರಿಗೆ ಹೋಗಿ ಬರ್ತೀನಿ" ಅಂತಾರೆ. ಹಾಗೆ ಹೇಳುವ ಬಾಯಿ ಎಲ್ಲಿದೆಯೋ ಅಲ್ಲಿ ಬೆಂಗಳೂರು ಇನ್ನೂ ಬಂದಿಲ್ಲ ಅಂತ ಅರ್ಥ.

ಯಾಕೆ ಬಂದಿಲ್ಲ ಅಂದರೆ, ಈ ಊರುಗಳಿಗೆಲ್ಲ ತಮ್ಮದೇ ಕಸುಬು ಇದೆ. ಬೆಂಗಳೂರು ಉಬ್ಬಿದ್ದರಿಂದ ಹುಟ್ಟಿದ ಬಡಾವಣೆಗಳಲ್ಲ ಇವು. ದೊಡ್ಡಬಳ್ಳಾಪುರಕ್ಕೆ ಬಂದರೆ ಮೊದಲು ನಿಮಗೆ ಕೇಳಿಸೋದು ಮಗ್ಗದ ಸದ್ದು. ಹಳೇ ಬೀದಿಗಳಲ್ಲಿ ಮನೆಯ ಮುಂಭಾಗ ಪವರ್‌ಲೂಮ್, ಹಿಂಭಾಗ ಅಡುಗೆಮನೆ. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವಾಗ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಅದುರುತ್ತಿರುತ್ತದೆ. ನಾನು ಆ ಸದ್ದಿನಲ್ಲೇ ಓದಿದ್ದು, ಆ ಸದ್ದಿನಲ್ಲೇ ಮಲಗಿದ್ದು. ಕರೆಂಟು ಹೋದರೆ ಇಡೀ ಬೀದಿ ಒಂದೇ ಸಲ ಸುಮ್ಮನಾಗುತ್ತಿತ್ತು, ಆಗ ನನಗೆ ಎಚ್ಚರ ಆಗುತ್ತಿತ್ತು. ಅಮ್ಮ ಇವತ್ತಿಗೂ ಟಿವಿ ನೋಡುತ್ತಾ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾರೆ. ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲಿನಲ್ಲಿ, ಒಂದು ಎಳೆ ಕಡಿದರೂ ಮಗ್ಗದ ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತದೆ. ಆದರೆ ಸೂರತ್‌ನಿಂದ ಅಗ್ಗದ ಸೀರೆ ಬರತೊಡಗಿದ ಮೇಲೆ ನಮ್ಮ ಬೀದಿಯಲ್ಲೂ ಕೆಲವು ಮನೆ ಸುಮ್ಮನಾಗಿವೆ.

ಸೀರೆಯ ದಾರಿ ಹಿಡಿದು ಹೋದರೆ ಈ ಇಡೀ ಪ್ರದೇಶ ಹೇಗೆ ಒಂದಕ್ಕೊಂದು ಹೆಣೆದುಕೊಂಡಿದೆ ಅಂತ ಕಾಣುತ್ತದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಒಮ್ಮೆ ಬೆಳಗ್ಗೆ ಹೋಗಿ ನೋಡಿ. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರು ಅದಕ್ಕೆ. ರೈತರು ರಾತ್ರಿಯೇ ಗೂಡು ತಂದು ಸುರಿದಿರುತ್ತಾರೆ, ಒಂದು ಕಡೆ ಬಿಳಿ ಬೈವೋಲ್ಟೈನ್ ತಳಿ, ಇನ್ನೊಂದು ಕಡೆ ಹಳದಿ ಮಿಶ್ರತಳಿ. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಒಂದು ಹಿಡಿ ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿ ಬೆಲೆ ಮನಸ್ಸಲ್ಲೇ ಕಟ್ಟುತ್ತಾರೆ. ಹರಾಜು ಈಗ ಮೊಬೈಲಿನಲ್ಲಿ. ಬೆರಳಿನ ಅಂದಾಜು ಮಾತ್ರ ಹಳೆಯದೇ. ಅಲ್ಲಿಂದ ಗೂಡು ಕುದಿಯುವ ನೀರಿಗೆ, ನೂಲು ಮಗ್ಗಕ್ಕೆ, ಸೀರೆ ಚಿಕ್ಕಪೇಟೆಯ ಅಂಗಡಿಗೆ. ಮದುವೆ ಜವಳಿಗೆ ಅಂತ ಚಿಕ್ಕಪೇಟೆಗೆ ಬಂದವರು ಅದನ್ನು ಬೆಂಗಳೂರಿನ ಸೀರೆ ಅಂತ ಕೊಂಡು ಹೋಗುತ್ತಾರೆ. ಸುತ್ತಲಿನ ಊರುಗಳ ಕೆಲಸಕ್ಕೆಲ್ಲ ಬೆಂಗಳೂರಿನ ಹೆಸರು ಬೀಳುವುದು ಹೀಗೇ ಅಲ್ವಾ.

ಗೊಂಬೆಗೆ ಮಾತ್ರ ಹಾಗಾಗಿಲ್ಲ. ಚನ್ನಪಟ್ಟಣದ ಗೊಂಬೆ ಎಲ್ಲಿ ಹೋದರೂ ಚನ್ನಪಟ್ಟಣದ್ದೇ. ಆಲೆಮರದ ತುಂಡು ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿ ಒತ್ತಿದರೆ ಹೊಳಪು. ಬ್ರಷ್ಷಿನ ಮಾತೇ ಇಲ್ಲ. ದೇವನಹಳ್ಳಿಯ ಚಕ್ಕೋತಕ್ಕೂ ಚನ್ನಪಟ್ಟಣದ ಗೊಂಬೆಗೂ ಜಿಐ, ಅಂದರೆ ಊರಿನ ಹೆಸರಿಗೇ ಸಲ್ಲುವ ಮಾನ್ಯತೆ ಇದೆ. ನಿಮ್ಮ ಆಫೀಸಿನ ಆಸುಪಾಸು ಇನ್ನೂ ಕೆಲವು ಚಕ್ಕೋತದ ಮರ ಉಳಿದಿರಬಹುದು, ಹುಡುಕಿ ನೋಡಿ.

ದೇವನಹಳ್ಳಿ ವಿಷಯ ಬಂತಲ್ಲ, ಇನ್ನೊಂದು ಮಾತು. 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ತಾಲ್ಲೂಕಿನ ನೆಲದ ಮೇಲೆ ಎಲ್ಲರ ಕಣ್ಣು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಅಂತ ತೆಗೆದುಕೊಳ್ಳಲು ಹೊರಟಾಗ ರೈತರು ಮೂರು ವರ್ಷಕ್ಕಿಂತ ಜಾಸ್ತಿ ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುವುದಾಗಿ ಹೇಳಿತು. ರಾಗಿ, ದ್ರಾಕ್ಷಿ, ಹೂವು, ರೇಷ್ಮೆ ಬೆಳೆಯುವ ನೆಲ ಅದು. ಹೊರಗಿನವರ ಕಣ್ಣಿಗೆ ಮಾತ್ರ "ಏರ್‌ಪೋರ್ಟ್ ಪಕ್ಕದ ಖಾಲಿ ಜಾಗ".

ನನಗೆ ಬೆಂಗಳೂರಿನ ಗಡಿ ನಿಜವಾಗಿ ಕಾಣುವುದು ನೀರಿನಲ್ಲಿ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ತಾಲ್ಲೂಕಿನಲ್ಲಿ ಹರಿಯುತ್ತದೆ. ಈಗ ಹರಿಯುತ್ತದೆ ಅನ್ನೋದು ಮರ್ಯಾದೆಗೆ ಹೇಳುವ ಮಾತು. ಬೆಂಗಳೂರಿಗೆ ನಲ್ಲಿ ನೀರು ಮೊದಲು ಹೋದದ್ದು ಇದೇ ನದಿಯಿಂದ. 1890ರ ದಶಕದಲ್ಲಿ ಹೆಸರಘಟ್ಟ ಕೆರೆ, ಆಮೇಲೆ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ಅರ್ಕಾವತಿಗೆ ಸೇರುವ ಜಾಗ ಅದು. ಅದೂ ಸಾಲದೆ 1974ರಿಂದ ಕಾವೇರಿ. ಸುಮಾರು 100 ಕಿಲೋಮೀಟರು ದೂರದಿಂದ ಪಂಪು ಹೊಡೆದು ಎತ್ತಿ ತರುತ್ತಾರೆ. 2007ರಲ್ಲಿ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಅಂದರೆ ಬೆಂಗಳೂರು ಅನ್ನೋ ಹೆಸರು ಬಂದು 17 ವರ್ಷದ ಮೇಲೆ.

ಬೆಂಗಳೂರು ನೀರು ವಾಪಸ್ಸೂ ಕೊಡುತ್ತದೆ, ಬಿಡಿ. ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿ ಕೆಂಗೇರಿ ದಾಟುವಷ್ಟರಲ್ಲಿ ಕಪ್ಪಾಗಿರುತ್ತದೆ. ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು ಬೀಳುವುದು ಅದೇ ನೀರು. ಅಲ್ಲಿ ನೊರೆ ಎದ್ದು ನಿಂತಿರೋದನ್ನು ನಾನೇ ನೋಡಿದ್ದೇನೆ. ಆಮೇಲೆ ಅದು ಅರ್ಕಾವತಿ ಸೇರಿ, ಕನಕಪುರದ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಈಚೆಗೆ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೋಲಾರ, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಕೆರೆ ತುಂಬಿಸುತ್ತಿದ್ದಾರೆ. ಬೋರ್‌ವೆಲ್ ನೀರು ಮೇಲೆ ಬಂದಿದೆ ಅಂತ ಕೆಲವರಿಗೆ ಖುಷಿ. ಮೂರನೇ ಹಂತದ ಶುದ್ಧೀಕರಣ ಮಾಡಿಯೇ ಬಿಡಿ ಅಂತ ಉಳಿದವರ ಜಗಳ. ಎರಡನೆಯವರ ಮಾತು ಸರಿ ಅಂತ ನನ್ನ ಅಭಿಪ್ರಾಯ. ಕೊಳಚೆ ಎಲ್ಲಿಂದ ಹೊರಟು ಎಲ್ಲಿಗೆ ಬೀಳುತ್ತದೆ ಅಂತ ನೋಡಿದರೆ, ಯಾವುದು ನಗರ, ಯಾವುದು ಗ್ರಾಮಾಂತರ ಅಂತ ಮ್ಯಾಪ್ ಇಲ್ಲದೆಯೂ ತಿಳಿಯುತ್ತದೆ.

ಜನ, ಭಾಷೆ ಬಗ್ಗೆ ಚಿಂತೆ ಬೇಡ. ಹೊಸಕೋಟೆ, ದೇವನಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಆನೇಕಲ್ ಗಡಿಯಲ್ಲಿ ತಮಿಳು, ರಾಮನಗರದ ರೀಲಿಂಗ್ ಮನೆಗಳಲ್ಲಿ ಉರ್ದು. ಸಂತೆಯಲ್ಲಿ ಎಲ್ಲರದ್ದೂ ಕನ್ನಡ. ಮಾಗಡಿ, ರಾಮನಗರದ ಬೆಟ್ಟಗಳ ಕಡೆ ಇರುಳಿಗರಿದ್ದಾರೆ, ಈ ಎಲ್ಲ ಊರಿಗಿಂತ ಮೊದಲು ಕಾಡಿನಲ್ಲಿದ್ದವರು. ನಮ್ಮೂರಿನಲ್ಲಿ ದೇವಾಂಗದವರು ಜಾಸ್ತಿ. ನಿಮ್ಮ ಹುಬ್ಬಳ್ಳಿ ಕನ್ನಡ ಕೇಳಿ ಅಂಗಡಿಯವರು ಒಂದು ಸಲ ನಗಬಹುದು, ಎರಡನೇ ಸಲ "ಹೌದ್ರೀ" ಅಂತ ಅವರೇ ಶುರು ಮಾಡುತ್ತಾರೆ.

ಇನ್ನು ಮನೆ ವಿಷಯ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ರೈಲು ನೆಚ್ಚಬೇಡಿ. ನಮ್ಮ ಲೈನು ರಾಜಾನುಕುಂಟೆ, ಯಲಹಂಕ ಕಡೆ ಹೋಗುತ್ತದೆ, ದೇವನಹಳ್ಳಿಯದು ಯಲಹಂಕದಿಂದ ಬೇರೆ ಲೈನು. ರಸ್ತೆಯೇ ಸರಿ, ಹೊಸ ವರ್ತುಲ ಹೆದ್ದಾರಿ ಇದೆ. ಬಾಡಿಗೆಗೆ ನೋಡುವಾಗ ಪಕ್ಕದ ಮನೆಯಲ್ಲಿ ಮಗ್ಗ ಇದೆಯಾ ಅಂತ ಕೇಳಿ, ಅಭ್ಯಾಸ ಇಲ್ಲದವರಿಗೆ ಮೊದಲ ತಿಂಗಳು ನಿದ್ದೆ ಬರಲ್ಲ. ಸೈಟು ಕೊಳ್ಳುವ ಆಸೆ ಬಂದರೆ "ನಾರ್ತ್ ಬೆಂಗಳೂರು" ಅಂತ ಬೋರ್ಡು ನೋಡಿ ಮರುಳಾಗಬೇಡಿ. ಭೂ ಪರಿವರ್ತನೆ ಆಗಿದೆಯಾ, ಯೋಜನಾ ಪ್ರಾಧಿಕಾರ ಲೇಔಟ್ ಒಪ್ಪಿದೆಯಾ, ಪಂಚಾಯಿತಿ ಜಾಗವಾದರೆ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) 9, 11 ನಮೂನೆ ಇವೆಯಾ ಅಂತ ವಕೀಲರ ಕೈಯಲ್ಲಿ ನೋಡಿಸಿ. ನಮ್ಮ ಚಿಕ್ಕಪ್ಪ ಬೋರ್ಡು ನೋಡಿ ಅಡ್ವಾನ್ಸ್ ಕೊಟ್ಟವರು. ಆ ಸೈಟಿನಲ್ಲಿ ಈಗಲೂ ಪಕ್ಕದ ಹೊಲದವರು ಹುರುಳಿ ಒಕ್ಕುತ್ತಾರೆ.

ಈಚೆಗೆ ನನ್ನ ಮಗಳು ಅಜ್ಜಿಯ ಮಾತು ತಿದ್ದಿದಳು. ಅಮ್ಮ ಎಂದಿನಂತೆ "ಬೆಂಗಳೂರಿಗೆ ಹೋಗಿ ಬರ್ತೀನಿ" ಅಂತ ಚೀಲ ಎತ್ತಿಕೊಂಡರು. "ಅಜ್ಜಿ, ನಾವಿರೋದೇ ಬೆಂಗಳೂರಲ್ವಾ? ಸ್ಕೂಲಲ್ಲಿ ಅಡ್ರೆಸ್ ಹಂಗೇ ಬರೆಸಿದ್ರು" ಅಂದಳು. ಅಮ್ಮ ಒಂದು ಗಳಿಗೆ ನಿಂತು ಯೋಚನೆ ಮಾಡಿ, "ಹಂಗಾದ್ರೆ ರೈಲು ಯಾಕೆ ಹತ್ತಬೇಕು?" ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟರು.